ದೂರದರ್ಶಕವೂ ಊರಿನ ಕತ್ತಲೆಯೂ

ಸ್ವಾತಿ ಮಳೆ ಕಳೆದು, ವಿಶಾಖೆಯ ಹನಿಗಳೂ ಅಲ್ಲೊಂದು ಇಲ್ಲೊಂದು ಉದುರಿ ನಿಂತ ಮೇಲೆ ಮಲೆನಾಡಿನ ಆಕಾಶ ತೆರೆದುಕೊಳ್ಳುತ್ತದೆ. ನಾಲ್ಕು ತಿಂಗಳಿಗೂ ಮಿಕ್ಕಿ ಮೋಡದ ಹೊದಿಕೆಯಡಿ ಮರೆಯಾಗಿದ್ದ ತಾರೆಗಳು ಕಾರ್ತಿಕದಿಂದ ವೈಶಾಖದವರೆಗೆ ನಮ್ಮವಾಗುತ್ತವೆ. ಶಾಲೆಗಳೂ ಯುವಕ ಸಂಘಗಳೂ ನಕ್ಷತ್ರ ವೀಕ್ಷಣೆಯ ಕಾರ್ಯಕ್ರಮಗಳನ್ನು ಹಮ್ಮಿಕೊಳ್ಳುವ ಕಾಲವಿದು. ಒಂದು ಕಾಲದಲ್ಲಿ ವೇಧಶಾಲೆಗಳಲ್ಲಿ ಮಾತ್ರ ಕಾಣುತ್ತಿದ್ದ ಗಣಕಚಾಲಿತ ದೂರದರ್ಶಕವೂ ಇಂದು ಹಳ್ಳಿಯ ಶಾಲೆಗೆ ಎಟುಕದ ವಸ್ತುವಾಗಿ ಉಳಿದಿಲ್ಲ. ಅಂಥ ಯಂತ್ರವನ್ನು ಸರಿಯಾಗಿ ಬಳಸುವುದು ಹೇಗೆ, ಅದು ನಮ್ಮಿಂದ ಏನನ್ನು ಬೇಡುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಓದುಗರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಈ ಯಂತ್ರದ ತತ್ತ್ವ ಸರಳವಾದುದು. ದೂರದರ್ಶಕವನ್ನು ಹೊತ್ತ ಪೀಠದಲ್ಲಿ ಎರಡು ಮೋಟಾರುಗಳಿರುತ್ತವೆ; ಒಂದು ಅದನ್ನು ದಿಗಂತಕ್ಕೆ ಸಮನಾಗಿ ಸುತ್ತಿಸುತ್ತದೆ, ಇನ್ನೊಂದು ಮೇಲಕ್ಕೂ ಕೆಳಕ್ಕೂ ಬಾಗಿಸುತ್ತದೆ. ಕೈಯಲ್ಲಿ ಹಿಡಿಯುವ ಪುಟ್ಟ ನಿಯಂತ್ರಕದಲ್ಲಿ ಸಾವಿರಾರು ಆಕಾಶಕಾಯಗಳ ಸ್ಥಾನಗಳು ದಾಖಲಾಗಿರುತ್ತವೆ. ನಾವು ಹೆಸರನ್ನು ಆರಿಸಿ ಗುಂಡಿ ಒತ್ತಿದರೆ ಯಂತ್ರ ಅತ್ತ ತಿರುಗಿ, ಭೂಮಿಯ ಭ್ರಮಣೆಗೆ ತಕ್ಕಂತೆ ನಿಧಾನವಾಗಿ ಚಲಿಸುತ್ತ ಆ ಕಾಯವನ್ನು ದೃಷ್ಟಿಯಲ್ಲೇ ಉಳಿಸಿಕೊಳ್ಳುತ್ತದೆ. ಐವತ್ತು ಮಕ್ಕಳು ಸಾಲಾಗಿ ನಿಂತು ಶನಿಯ ಬಳೆಯನ್ನು ನೋಡಬೇಕಾದಾಗ ಇದು ದೊಡ್ಡ ಅನುಕೂಲ. ಕೈಯಿಂದ ತಿರುಗಿಸುವ ದೂರದರ್ಶಕವಾದರೆ ಇಬ್ಬರು ಮೂವರು ನೋಡುವಷ್ಟರಲ್ಲಿ ಗ್ರಹ ಅಂಚಿಗೆ ಸರಿದಿರುತ್ತದೆ.

ಆದರೆ ಪೆಟ್ಟಿಗೆಯಿಂದ ಹೊರತೆಗೆದ ಯಂತ್ರಕ್ಕೆ ತಾನು ಎಲ್ಲಿ ನಿಂತಿದ್ದೇನೆ, ಈಗ ಹೊತ್ತೆಷ್ಟು ಎಂಬುದು ತಿಳಿದಿರುವುದಿಲ್ಲ. ಮೊದಲು ಮುಕ್ಕಾಲಿಯನ್ನು ಗಟ್ಟಿ ನೆಲದ ಮೇಲಿಟ್ಟು ರಸಮಟ್ಟದಿಂದ ಸಮ ಮಾಡಬೇಕು. ಬಳಿಕ ಊರಿನ ಅಕ್ಷಾಂಶ, ರೇಖಾಂಶ, ದಿನಾಂಕ ಮತ್ತು ವೇಳೆಗಳನ್ನು ನಮೂದಿಸಬೇಕು. ಸ್ಥಾನ ಮತ್ತು ಸಮಯಗಳನ್ನು ಉಪಗ್ರಹದಿಂದ ತಾನೇ ಪಡೆಯುವ ಯಂತ್ರಗಳೂ ಇವೆ. ಇಲ್ಲದಿದ್ದರೆ ಮೊಬೈಲಿನಿಂದ ತಿಳಿದುಕೊಳ್ಳಬಹುದು. ಅನೇಕ ಯಂತ್ರಗಳು ತಿಂಗಳನ್ನು ಮೊದಲು, ದಿನವನ್ನು ಆಮೇಲೆ ಕೇಳುತ್ತವೆ. ಇದನ್ನು ಗಮನಿಸದೆ ಡಿಸೆಂಬರ್ 5ರ ಬದಲು ಮೇ 12 ಎಂದು ನಮೂದಾದರೆ ಯಂತ್ರ ಬೇಸಿಗೆಯ ಆಕಾಶವನ್ನು ಚಳಿಗಾಲದಲ್ಲಿ ಹುಡುಕತೊಡಗುತ್ತದೆ. ಕಾಲವಲಯ ಗ್ರೀನಿಚ್‌ಗಿಂತ 5 ಗಂಟೆ 30 ನಿಮಿಷ ಮುಂದೆ ಎಂದೇ ಇರಬೇಕು. ಬೇಸಿಗೆಯಲ್ಲಿ ಗಡಿಯಾರವನ್ನು ಮುಂದಿಡುವ ಪದ್ಧತಿ ನಮ್ಮ ದೇಶದಲ್ಲಿ ಇಲ್ಲವಾದ್ದರಿಂದ ಆ ಆಯ್ಕೆಯನ್ನು ಬಿಡಬೇಕು. ಒಂದು ಗಂಟೆ ತಪ್ಪಿದರೆ ಆಕಾಶ 15 ಡಿಗ್ರಿ ಸರಿದಿರುತ್ತದೆ.

ಇಲ್ಲಿ ಮಲೆನಾಡಿನ ವಿದ್ಯಾರ್ಥಿಗಳು ತಿಳಿಯಬೇಕಾದ ಸಂಗತಿಯೊಂದಿದೆ. ನಮ್ಮ ಗಡಿಯಾರಗಳು ತೋರಿಸುವುದು 82.5 ಡಿಗ್ರಿ ಪೂರ್ವ ರೇಖಾಂಶದ ವೇಳೆಯನ್ನು. ಸಾಗರ, ಶಿರಸಿ, ತೀರ್ಥಹಳ್ಳಿ, ಶೃಂಗೇರಿಗಳು ಇರುವುದು 75 ಡಿಗ್ರಿಯ ಆಸುಪಾಸಿನಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ಲೆಕ್ಕ ಹಾಕಿದರೆ ನಮ್ಮ ಆಕಾಶ ಗಡಿಯಾರಕ್ಕಿಂತ ಸುಮಾರು ಅರ್ಧ ಗಂಟೆ ಹಿಂದಿದೆ. ರೇಖಾಂಶವನ್ನು ಸರಿಯಾಗಿ ನಮೂದಿಸಿದರೆ ಯಂತ್ರ ಈ ಅಂತರವನ್ನು ತಾನೇ ಸರಿದೂಗಿಸುತ್ತದೆ. ದೂರದ ನಗರವೊಂದನ್ನು ಪಟ್ಟಿಯಿಂದ ಆರಿಸಿ ಸುಮ್ಮನಾಗುವುದು ಸರಿಯಲ್ಲ.

ಇನ್ನೊಂದು ಕಷ್ಟ ಧ್ರುವ ನಕ್ಷತ್ರದ್ದು. ಉತ್ತರದ ದೇಶಗಳಲ್ಲಿ ಬರೆದ ಕೈಪಿಡಿಗಳು, ಭೂಮಿಯ ಅಕ್ಷಕ್ಕೆ ಸಮನಾಗಿ ಓರೆಯಾಗಿ ನಿಲ್ಲಿಸುವ ಪೀಠವನ್ನು ಧ್ರುವದತ್ತ ಹೊಂದಿಸಿರೆಂದು ಹೇಳುತ್ತವೆ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಎತ್ತರದಲ್ಲಿ ಕಾಣುವುದೆಂಬುದು ಊರಿನ ಅಕ್ಷಾಂಶವನ್ನು ಅವಲಂಬಿಸಿದೆ. ನಮ್ಮಲ್ಲಿ ಅದು ಕೇವಲ 13-14 ಡಿಗ್ರಿ. ಗುಡ್ಡದ ನೆತ್ತಿಯೋ ಅಡಿಕೆ ತೋಟದ ತಲೆಯೋ ಅದನ್ನು ಮರೆಮಾಡುತ್ತದೆ. ಆದ್ದರಿಂದ ಕಣಿವೆಯ ಊರುಗಳಿಗೆ ಎರಡು ನಕ್ಷತ್ರಗಳನ್ನು ತೋರಿಸಿ ಹೊಂದಿಸುವ, ಮಟ್ಟಸವಾಗಿ ನಿಲ್ಲುವ ಪೀಠವೇ ಹೆಚ್ಚು ಸೂಕ್ತ.

ಈ ಹೊಂದಾಣಿಕೆಯ ಘಟ್ಟದಲ್ಲಿ ಯಂತ್ರ ಮನುಷ್ಯನ ಮುಂದೆ ಕೈಚಾಚುತ್ತದೆ. ಸಾವಿರಾರು ಕಾಯಗಳನ್ನು ಬಲ್ಲ ಗಣಕಕ್ಕೆ ಮೊದಲ ಎರಡನ್ನು ನಾವೇ ತೋರಿಸಿಕೊಡಬೇಕು. ಒಂದು ನಕ್ಷತ್ರದ ಹೆಸರನ್ನು ಆರಿಸಿದಾಗ ಯಂತ್ರ ಅಂದಾಜಿನಿಂದ ಅತ್ತ ತಿರುಗುತ್ತದೆ. ನಾವು ಅದನ್ನು ಮೊದಲು ಶೋಧಕದಲ್ಲಿ, ಅನಂತರ ನೇತ್ರ ಮಸೂರದಲ್ಲಿ ನಟ್ಟನಡುವೆ ತಂದು ಗುಂಡಿ ಒತ್ತಬೇಕು. ಇನ್ನೊಂದು ನಕ್ಷತ್ರಕ್ಕೂ ಹೀಗೆಯೇ. ಅವೆರಡೂ ಪರಸ್ಪರ ದೂರವಿರಬೇಕು, ನೆತ್ತಿಯ ಮೇಲಿರಬಾರದು. ಮಾಘದ ಸಂಜೆ ಎಂಟರ ಹೊತ್ತಿಗೆ ಆಗ್ನೇಯದ ಲುಬ್ಧಕವೂ ಉತ್ತರದ ಬ್ರಹ್ಮಹೃದಯವೂ ಒಳ್ಳೆಯ ಜೋಡಿ. ಏಪ್ರಿಲ್ ನಡುವಿನಲ್ಲಿ ರಾತ್ರಿ ಎಂಟೂವರೆಗೆ ಪಶ್ಚಿಮಕ್ಕೆ ವಾಲಿದ ಲುಬ್ಧಕವನ್ನೂ ಪೂರ್ವದಲ್ಲಿ ಏರುತ್ತಿರುವ ಸ್ವಾತಿಯನ್ನೂ ಆರಿಸಬಹುದು. ಆಗ ಮಖಾ ನಕ್ಷತ್ರ ನೆತ್ತಿಯ ಸಮೀಪವಿರುವುದರಿಂದ ಅದು ಬೇಡ. ಹೊಂದಿಸಿದ ಮೇಲೆ ದೂರದರ್ಶಕವನ್ನು ಕೈಯಿಂದ ನೂಕಿದರೆ ಮಾಡಿದ ಕೆಲಸವೆಲ್ಲ ವ್ಯರ್ಥವಾಗುವ ಸಂಭವವಿದೆ.

ನಿಯಂತ್ರಕದಲ್ಲಿ ಈ ಹೆಸರುಗಳು ಬೇರೆಯಾಗಿರುತ್ತವೆ. ಅದರ ಸಿರಿಯಸ್ ನಮ್ಮ ಲುಬ್ಧಕ, ಕೆಪೆಲ್ಲಾ ನಮ್ಮ ಬ್ರಹ್ಮಹೃದಯ, ಆಲ್ಡೆಬರಾನ್ ರೋಹಿಣಿ, ಬೆಟೆಲ್‌ಗ್ಯೂಸ್ ಆರ್ದ್ರೆ, ರೆಗ್ಯುಲಸ್ ಮಖೆ, ಸ್ಪೈಕಾ ಚಿತ್ತೆ, ಆರ್ಕ್ಟುರಸ್ ಸ್ವಾತಿ, ಅಂಟಾರಿಸ್ ಜ್ಯೇಷ್ಠೆ. ಇವುಗಳಲ್ಲಿ ಹೆಚ್ಚಿನವು ನಮ್ಮ ರೈತರ ಬಾಯಲ್ಲಿ ಮಳೆಯ ಹೆಸರುಗಳಾಗಿ ಉಳಿದಿವೆ. ಸೂರ್ಯ ಆರ್ದ್ರಾ ನಕ್ಷತ್ರದ ಭಾಗದಲ್ಲಿರುವ, ಜೂನ್ ಕೊನೆಯ ವಾರದಿಂದ ಜುಲೈ ಮೊದಲ ವಾರದವರೆಗಿನ ಎರಡು ವಾರ ಆರಿದ್ರಾ ಮಳೆ. ಆಗ ಆ ನಕ್ಷತ್ರ ಹಗಲಿನ ಬೆಳಕಿನಲ್ಲಿ ಅಡಗಿರುತ್ತದೆ. ಅದನ್ನು ಕಣ್ಣಾರೆ ನೋಡಲು ಚಳಿಗಾಲವೇ ಬರಬೇಕು. ಮಳೆಯ ಹೆಸರನ್ನು ಬಲ್ಲ ಅಜ್ಜನೂ ಗುಂಡಿ ಒತ್ತಲು ಬಲ್ಲ ಮೊಮ್ಮಗಳೂ ಒಟ್ಟಿಗೆ ಅಂಗಳದಲ್ಲಿ ನಿಂತರೆ ಯಂತ್ರ ಕೇಳುವ ಎರಡು ನಕ್ಷತ್ರಗಳನ್ನು ತೋರಿಸುವುದು ಕಷ್ಟವೇನಲ್ಲ.

ಕೆಲವು ಎಚ್ಚರಿಕೆಗಳನ್ನೂ ಹೇಳಬೇಕು. ದೂರದರ್ಶಕವನ್ನಾಗಲಿ ಶೋಧಕವನ್ನಾಗಲಿ ಎಂದೂ ಸೂರ್ಯನತ್ತ ತಿರುಗಿಸಬಾರದು. ಕ್ಷಣಾರ್ಧದಲ್ಲಿ ಕಣ್ಣು ಶಾಶ್ವತವಾಗಿ ಹೋದೀತು. ಶೋಧಕವನ್ನು ಹಗಲಿನಲ್ಲೇ, ಸೂರ್ಯನಿಗೆ ಬೆನ್ನು ಹಾಕಿ, ದೂರದ ಮರದ ತುದಿಯೊಂದಕ್ಕೆ ಹೊಂದಿಸಿಟ್ಟುಕೊಂಡರೆ ರಾತ್ರಿಯ ಪರದಾಟ ತಪ್ಪುತ್ತದೆ. ವಿದ್ಯುತ್ತು ಕುಗ್ಗಿದಾಗ ಯಂತ್ರ ದಾರಿತಪ್ಪುವುದರಿಂದ ಸಣ್ಣ ಸೆಲ್ಲುಗಳಿಗಿಂತ ತಯಾರಕರು ಹೇಳಿದ 12 ವೋಲ್ಟಿನ ಬ್ಯಾಟರಿ ಮೇಲು. ಚಳಿಯ ರಾತ್ರಿ ಮುಂಬದಿಯ ಗಾಜಿನ ಮೇಲೆ ಇಬ್ಬನಿ ಕೂರದಂತೆ, ಗಾಜಿನ ಅಗಲದ ಒಂದೂವರೆ ಪಟ್ಟು ಉದ್ದದ ಕಪ್ಪು ಹಾಳೆಯ ಕೊಳವೆಯನ್ನು ತೊಡಿಸಬೇಕು. ಒದ್ದೆಯಾದ ಗಾಜನ್ನು ಹಾಗೆಯೇ ಮುಚ್ಚಿಟ್ಟರೆ ಬೂಸರು ಹಿಡಿಯುತ್ತದೆ. ಮಳೆಗಾಲ ಪೂರ್ತಿ ಅದನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಜತೆಗಿಟ್ಟು, ಆ ಹರಳುಗಳನ್ನು ಆಗಾಗ ಬಿಸಿಮಾಡಿ ಒಣಗಿಸುತ್ತಿರಬೇಕು. ಕಣ್ಣು ಕತ್ತಲೆಗೆ ಪೂರ್ಣ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು. ಒಂದು ಮೊಬೈಲಿನ ಬಿಳಿ ಬೆಳಕು ಅದನ್ನು ಕೆಡಿಸುತ್ತದೆ. ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಳ್ಳುವುದು ಒಳಿತು.

ಇಷ್ಟೆಲ್ಲ ಮಾಡಿ ಆಂಡ್ರೊಮಿಡಾ ಗೆಲಾಕ್ಸಿಯ ಹೆಸರನ್ನು ಆರಿಸೋಣ. ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದ ಆ ತಾರಾಸಮೂಹ ಕಾರ್ತಿಕದ ರಾತ್ರಿಗಳಲ್ಲಿ ಉತ್ತರದ ಎತ್ತರದಲ್ಲಿರುತ್ತದೆ; ಕತ್ತಲೆಯ ಊರಿನಲ್ಲಿ ಬರಿಗಣ್ಣಿಗೇ ಮಸುಕು ಮಚ್ಚೆಯಾಗಿ ಕಾಣುತ್ತದೆ. ನಗರದ ಮಾಳಿಗೆಯ ಮೇಲೆ ನಿಲ್ಲಿಸಿದ ಯಂತ್ರವೂ ಅದೇ ಜಾಗಕ್ಕೆ ಕರಾರುವಾಕ್ಕಾಗಿ ತಿರುಗುತ್ತದೆ. ಆದರೆ ಅಲ್ಲಿ ಕಾಣುವುದು ಅದರ ನಡುಭಾಗದ ಒಂದು ಮಂಕು ಚುಕ್ಕೆ ಮಾತ್ರ. ಉಳಿದುದನ್ನೆಲ್ಲ ಬೀದಿದೀಪಗಳ ಹೊಳಪು ನುಂಗಿರುತ್ತದೆ. ಗಣಕ ದಿಕ್ಕನ್ನು ತೋರಿಸಬಲ್ಲದು, ಕತ್ತಲೆಯನ್ನು ತರಲಾರದು. ಈಚೆಗೆ ಬಂದಿರುವ ಕ್ಯಾಮೆರಾ ಸಹಿತದ ಯಂತ್ರಗಳು ನಕ್ಷತ್ರಗಳನ್ನು ತಾವೇ ಗುರುತಿಸಿಕೊಂಡು, ಅನೇಕ ಚಿತ್ರಗಳನ್ನು ಕೂಡಿಸಿ ನಗರದಲ್ಲೂ ಗೆಲಾಕ್ಸಿಯನ್ನು ಮೊಬೈಲ್ ಪರದೆಯ ಮೇಲೆ ತೋರಿಸುತ್ತವೆ ಎಂಬುದು ನಿಜ. ಆದರೆ ತಲೆಯೆತ್ತಿದಾಗ ಕಾಣಬೇಕಾದ ಆಕಾಶಗಂಗೆಯನ್ನು ಅವು ಹಿಂದಿರುಗಿಸಲಾರವು.

ನಮಗೆ ದೊರೆತಿರುವುದು ಸಾಮಾನ್ಯ ಸಂಪತ್ತಲ್ಲ. ಮೇ ತಿಂಗಳ ರಾತ್ರಿ ಹತ್ತರ ಸುಮಾರಿಗೆ ದಕ್ಷಿಣದಲ್ಲಿ 28 ಡಿಗ್ರಿ ಎತ್ತರಕ್ಕೆ ಏರುವ ಒಮೇಗಾ ಸೆಂಟಾರಿ ಎಂಬ ತಾರಾಗುಚ್ಛದಲ್ಲಿ ಸುಮಾರು ಒಂದು ಕೋಟಿ ನಕ್ಷತ್ರಗಳಿವೆ. ಲಂಡನ್ನಿನ ಆಕಾಶದಲ್ಲಿ ಅದು ಎಂದೂ ಉದಯಿಸುವುದಿಲ್ಲ. ದಕ್ಷಿಣ ದಿಕ್ಕು ತೆರೆದಿರುವ ಯಾವ ಗುಡ್ಡದ ಮೇಲಿಂದಲೂ ನಮ್ಮ ಮಕ್ಕಳು ಅದನ್ನು ನೋಡಬಹುದು. ಆದರೆ ದಿಗಂತದ ಸಮೀಪದ ಆಕಾಶವೇ ಊರದೀಪಗಳಿಂದ ಮೊದಲು ಮಬ್ಬಾಗುವುದು.

2016ರಲ್ಲಿ ಪ್ರಕಟವಾದ ಜಾಗತಿಕ ನಕಾಶೆಯೊಂದರ ಪ್ರಕಾರ ಮನುಕುಲದ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಜನರಿಗೆ ತಮ್ಮ ಊರಿನಿಂದ ಆಕಾಶಗಂಗೆ ಕಾಣುವುದಿಲ್ಲ. 2011ರಿಂದ 2022ರವರೆಗೆ ಸಾಮಾನ್ಯ ಜನರೇ ನಡೆಸಿದ ನಕ್ಷತ್ರ ವೀಕ್ಷಣೆಗಳನ್ನು ಆಧರಿಸಿ 2023ರಲ್ಲಿ ಹೊರಬಂದ ಅಧ್ಯಯನವು, ಆಕಾಶದ ಹೊಳಪು ವರ್ಷಕ್ಕೆ ಸರಾಸರಿ ಶೇ. 9.6ರಷ್ಟು ಏರುತ್ತಿದೆ ಎಂದು ತೋರಿಸಿತು. ಇದೇ ವೇಗದಲ್ಲಿ, 250 ನಕ್ಷತ್ರ ಕಾಣುವ ಊರಿನಲ್ಲಿ ಹುಟ್ಟಿದ ಮಗು ಹದಿನೆಂಟು ವರ್ಷ ತುಂಬುವಾಗ 100 ನಕ್ಷತ್ರಗಳನ್ನಷ್ಟೇ ಕಂಡೀತು. ಕಾಡನ್ನು ಕಳೆದುಕೊಂಡಾಗ ಬೋಳು ಗುಡ್ಡವಾದರೂ ಕಣ್ಣಿಗೆ ಚುಚ್ಚುತ್ತದೆ; ಆಕಾಶವನ್ನು ಕಳೆದುಕೊಂಡದ್ದು ಗೊತ್ತೇ ಆಗುವುದಿಲ್ಲ. ಮಿಂಚುಹುಳುಗಳಿಗೆ ಮಾತ್ರ ಗೊತ್ತಾಗುತ್ತದೆ. ಮಳೆಗೆ ಮುನ್ನ ಮರಮರವನ್ನೇ ಬೆಳಗುವ ಅವು ಸಂಗಾತಿಯನ್ನು ಕರೆಯುವುದು ಬೆಳಕಿನ ಸನ್ನೆಯಿಂದ. ಪ್ರಖರ ದೀಪದಡಿ ಆ ಸನ್ನೆ ಕಾಣದೆ ಹೋಗುತ್ತದೆ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಏಳುತ್ತದೆ. ಚಿಮಣಿ ದೀಪದ ಹೊಗೆಯಲ್ಲಿ ಓದಿದ, ಬೀದಿಗೊಂದು ದೀಪಕ್ಕಾಗಿ ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆದ ಹಳ್ಳಿಗರಿಗೆ ಕತ್ತಲೆಯ ಮಹಿಮೆಯನ್ನು ಬೋಧಿಸುವುದು ಎಷ್ಟು ಸರಿ? ಹಾವು, ಚಿರತೆ, ಆನೆಗಳ ಭಯ ಕಲ್ಪನೆಯದಲ್ಲ; ಸಂಜೆ ಬಸ್ಸಿಳಿದು ಮನೆಗೆ ನಡೆಯುವ ಹೆಣ್ಣುಮಕ್ಕಳಿಗೆ ದೀಪ ಬೇಕೇ ಬೇಕು. ನಾವು ಹೇಳುತ್ತಿರುವುದು ದೀಪ ಬೇಡವೆಂದಲ್ಲ. ದಾರಿಗೆ ಬೀಳಬೇಕಾದ ಬೆಳಕು ಆಕಾಶಕ್ಕೆ ಚೆಲ್ಲುವುದು ಬೇಡವೆಂದು. ಮೇಲೂ ಪಕ್ಕಕ್ಕೂ ಹರಡುವ ಬೆಳಕು ದಾರಿಹೋಕನ ಕಣ್ಣು ಕೋರೈಸಿ ಹಾವನ್ನು ಮರೆಮಾಡುತ್ತದೆಯೇ ಹೊರತು ತೋರಿಸುವುದಿಲ್ಲ. ಅದಕ್ಕೆ ತೆತ್ತ ವಿದ್ಯುತ್ತು ಪಂಚಾಯಿತಿಯದು. ಆ ವಿದ್ಯುತ್ತಿಗಾಗಿ ಶರಾವತಿ, ಕಾಳಿ, ವಾರಾಹಿಯ ಕಣಿವೆಗಳು ಏನನ್ನು ತೆತ್ತವೆಂಬುದನ್ನು ಈ ಪತ್ರಿಕೆಯ ಓದುಗರಿಗೆ ಮತ್ತೆ ನೆನಪಿಸಬೇಕಿಲ್ಲ.

ಇದು ಆಗದ ಮಾತೂ ಅಲ್ಲ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ 2 ಮೀಟರ್ ವ್ಯಾಸದ ದೂರದರ್ಶಕವಿದೆ. ನಮ್ಮ ರಾಜ್ಯದ ಹೊಸಕೋಟೆಯಲ್ಲಿ ಕುಳಿತೇ ವಿಜ್ಞಾನಿಗಳು ಅದನ್ನು ನಡೆಸುತ್ತಾರೆ. ಆ ಪ್ರದೇಶವನ್ನು 2022ರಲ್ಲಿ ಕತ್ತಲೆಯ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಿದಾಗ ಅಲ್ಲಿನ ಹಳ್ಳಿಗರನ್ನು ಹೊರಗಿಡಲಿಲ್ಲ. ಅವರಿಗೆ ದೂರದರ್ಶಕಗಳನ್ನು ಕೊಟ್ಟು, ಬಂದವರಿಗೆ ಆಕಾಶ ತೋರಿಸುವ ತರಬೇತಿ ನೀಡಲಾಯಿತು. ಮಹಾರಾಷ್ಟ್ರದ ಪೆಂಚ್ ಹುಲಿ ಮೀಸಲು ಪ್ರದೇಶಕ್ಕೆ 2024ರ ಜನವರಿಯಲ್ಲಿ ಇಂಥದೇ ಅಂತರರಾಷ್ಟ್ರೀಯ ಮಾನ್ಯತೆ ದೊರೆತದ್ದು, ಸುತ್ತಲಿನ ಹಳ್ಳಿಗಳ ದೀಪಗಳನ್ನು ನೆಲಕ್ಕೆ ಮುಖಮಾಡಿದ ದೀಪಗಳಾಗಿ ಬದಲಾಯಿಸಿದ ಬಳಿಕ. ದೀಪಗಳು ಆರಲಿಲ್ಲ, ತಲೆ ಬಾಗಿಸಿದವು.

ನಮ್ಮ ಗ್ರಾಮಸಭೆಗಳೂ ಹೀಗೆ ನಿರ್ಣಯಿಸಬಹುದು. ಹೊಸ ಬೀದಿದೀಪಗಳು ಮೇಲ್ಭಾಗ ಮುಚ್ಚಿದವಾಗಿ, ನೆಲಕ್ಕೆ ಮುಖಮಾಡಿದವಾಗಿರಲಿ. ನೀಲಿಛಾಯೆಯ ಬೆಳಕು ಗಾಳಿಯಲ್ಲಿ ಹೆಚ್ಚು ಚೆದರುವುದರಿಂದ 3,000 ಕೆಲ್ವಿನ್ನಿಗೆ ಮೀರದ ಹಳದಿ ಬೆಳಕಿನವಾಗಿರಲಿ. ಪ್ರವಾಸಿಗರಿಗೆ ನಕ್ಷತ್ರ ತೋರಿಸುವುದಾಗಿ ಜಾಹೀರಾತು ಕೊಟ್ಟು ಗುಡ್ಡದ ತುಂಬ ಹೊನಲು ದೀಪ ಹಾಕುವ ವಸತಿಗೃಹಗಳಿಗೆ ಪಂಚಾಯಿತಿಯೇ ತಿಳಿಹೇಳಲಿ. ನಾಲ್ಕು ಶಾಲೆಗಳು ಸೇರಿ ಒಂದು ದೂರದರ್ಶಕವನ್ನು ಕೊಳ್ಳಲಿ. ಹಣ ಸಾಲದಿದ್ದರೆ ಅದೇ ಬೆಲೆಗೆ ಇನ್ನೂ ದೊಡ್ಡ ಕನ್ನಡಿಯ, ಗಣಕವಿಲ್ಲದ, ಕೈಯಿಂದ ತಿರುಗಿಸುವ ಡಾಬ್ಸೋನಿಯನ್ ದೂರದರ್ಶಕ ಸಿಗುತ್ತದೆ. ಆಕಾಶದ ದಾರಿಯನ್ನು ಕಲಿಯಲು ಅದೇ ಒಳ್ಳೆಯ ಗುರು.

ದೂರದರ್ಶಕವನ್ನು ಹಣ ಕೊಟ್ಟು ತರಬಹುದು. ಹಾಳಾದರೆ ರಿಪೇರಿ ಮಾಡಿಸಬಹುದು. ಅದಕ್ಕೆ ಮೊದಲ ಎರಡು ನಕ್ಷತ್ರಗಳನ್ನು ತೋರಿಸುವ ತಿಳಿವಳಿಕೆ ಮತ್ತು ಆ ನಕ್ಷತ್ರಗಳು ಕಾಣುವಷ್ಟು ಕತ್ತಲೆ ನಮ್ಮ ಊರುಗಳಲ್ಲಿ ಇನ್ನೂ ಇವೆ. ಬರುವ ಅಮಾವಾಸ್ಯೆಯ ರಾತ್ರಿ ಒಂದು ಗಂಟೆ ಕಾಲ ಅಂಗಳದ ದೀಪವನ್ನು ಆರಿಸಿ, ಮಕ್ಕಳೊಡನೆ ಹೊರಗೆ ನಿಂತು, ಎಷ್ಟು ನಕ್ಷತ್ರ ಕಾಣುತ್ತವೆಂದು ಎಣಿಸಿ ಬರೆದಿಡಬೇಕೆಂದು ಓದುಗ ಮಿತ್ರರಲ್ಲಿ ಕೋರುತ್ತೇವೆ. ಮುಂದಿನ ವರ್ಷ ಅದೇ ಮಾಸದ ಅಮಾವಾಸ್ಯೆಯಂದು, ಅದೇ ಹೊತ್ತಿಗೆ ಮತ್ತೆ ಎಣಿಸೋಣ. ಆ ಲೆಕ್ಕವೇ ಗ್ರಾಮಸಭೆಯ ಮುಂದೆ ನಾವು ಇಡಬೇಕಾದ ಮೊದಲ ದಾಖಲೆ.