ಕಸೂತಿ, ಗುಳಗಿ ಮತ್ತ ‘ಈ ವಾರ ಆಗಂಗಿಲ್ರಿ’

ನಮ್ಮ ಕಡೆ ಯಾರದರೆ ಕೈಯಾಗ ಒಂದು ಛಂದ ಕೆಲಸ ಕಂಡ್ರ ಸಾಕು, ನೋಡಿದವ್ರ ಬಾಯಿಂದ ಬರೂ ಮೊದಲನೇ ಮಾತು, “ಅಯ್ಯ, ಎಷ್ಟ ಛಂದ ಮಾಡೀ! ಇದನ್ನ ಮಾರಬಾರದೇನು?” ಚಕ್ಕಲಿ ಛಲೋ ಆದ್ರೂ ಇದ ಮಾತು, ಉಲ್ಲನ್ ಸ್ವೆಟರ್ ಛಲೋ ಆದ್ರೂ ಇದ ಮಾತು, ಕಸೂತಿ ಆದ್ರಂತೂ ಕೇಳೂದ ಬ್ಯಾಡ. ಕೆಟ್ಟ ಮನಸ್ಸಿಂದ ಯಾರೂ ಅನ್ನೂದಿಲ್ಲ. ಆದ್ರ ಆ ಕೆಲಸ ಮಾಡಿದಾಕಿ ಖಿನ್ನತೆಯಿಂದ ಈಗಿನ್ನೂ ಎದ್ದು ಕೂಡ್ಲಿಕತ್ತಾಕಿ ಆಗಿದ್ರ, ಈ ಮಾತನ್ನ ಸ್ವಲ್ಪ ವಿಚಾರ ಮಾಡಿ ಆಡಬೇಕು ಅಂತ ನನಗ ಅನಸ್ತದ.

ನನ್ನ ಅಭಿಪ್ರಾಯ ಮೊದಲ ಹೇಳಿಬಿಡ್ತೇನಿ. ಮಾರಬಹುದು. ಅದರ ಮ್ಯಾಲೆ ಬದುಕೂ ಕಟ್ಟಕೋಬಹುದು. ಆದ್ರ ಮನಿಮಂದಿ ಅದನ್ನ ಕೆಲಸ ಅಂತ ಒಪ್ಪಬೇಕು. ಕೆಲಸ ಅಂದಮ್ಯಾಲೆ ಅದಕ್ಕ ಕೂಲಿ ಇರ್ತದ, ಹೊತ್ತು-ವ್ಯಾಳ್ಯಾ ಇರ್ತದ, ಸೂಟಿ ಇರ್ತದ, “ಈ ವಾರ ಆಗಂಗಿಲ್ರಿ” ಅನ್ನೂ ಹಕ್ಕೂ ಇರ್ತದ. ಈ ನಾಕೂ ಇಲ್ಲದ ಬರೇ ಆರ್ಡರ್ ಅಷ್ಟ ಬಂದ್ರ, ಎಬ್ಬಿಸಿದ ಸೂಜಿನ ಆಕಿನ್ನ ಮತ್ತ ಹಾಸಿಗಿಗೆ ಹಾಕ್ತದ.

ಇದನ್ನ ಹೇಳ್ಲಿಕ್ಕೆ ನನಗ ಕಾರಣ ಅದ. ನಾನೂ ಆ ಜಡ್ಡಿನಾಗಿಂದ ಎದ್ದಾಕಿ. ಈಗ ಕಸೂತಿಯಿಂದ ಬರೂ ರೊಕ್ಕದಾಗ ನನ್ನ ಔಷಧ, ಮಗಳ ಟ್ಯೂಷನ್ ಫೀ, ಮನಿ ಕಿರಾಣಿ ಒಳಗ ಅರ್ಧಾ ನಡೀತದ. ಜಡ್ಡು ಅಂದ್ರ ಬರೇ ಬ್ಯಾಸರಕಿ ಅಲ್ರಿ. ಬ್ಯಾಸರ ಆದ್ರ ಒಂದು ಸಿನೆಮಾ ನೋಡಿದ್ರ ಹೋಗ್ತದ. ಇದರಾಗ ಹಲ್ಲು ತಿಕ್ಕೂದು ಸುದ್ದಾ ಗುಡ್ಡಾ ಹತ್ತಿಧಂಗ ಆಗ್ತದ, ಕುಕ್ಕರಿನ ಸೀಟಿ ಎಷ್ಟ ಆದುವು ಅಂತ ಲೆಕ್ಕ ಉಳಿಯೂದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ನವ್ರು ಮಾಡಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಒಳಗ, ಹದಿನೆಂಟು ದಾಟಿದ ಇಪ್ಪತ್ತು ಮಂದಿಯೊಳಗ ಒಬ್ಬರಿಗೆ ಜೀವನದಾಗ ಒಮ್ಮೆರೆ ಖಿನ್ನತೆ ಬಂದಿರ್ತದ ಅಂತ ಅದ. ಅಂದ್ರ ನಮ್ಮ ಮನಿ ಲಗ್ನದ ಒಂದ ಪಂಕ್ತಿಗೆ ಕೂತವರೊಳಗ ಒಬ್ಬಿಬ್ಬರಾದ್ರೂ ಆದ್ರು. ಹಿಂಗಾಗಿ ಇದು ನನ್ನೊಬ್ಬಾಕಿ ಪುರಾಣ ಅಲ್ಲ.

ಕಸೂತಿನ ಯಾಕ ಅಂದ್ರ, ಅದರ ಗುಣಾನ ಹಂಗ ಅದ. ಅರಿವಿ ಮ್ಯಾಲೆ ಪೆನ್ಸಿಲ್ ಲೆ ಚಿತ್ರ ಬರಕೊಳ್ಳೂದಿಲ್ಲ, ನೇಯ್ಗಿ ಎಳಿ ಎಣಿಸಿಕೋತ ಹೋಗೂದು. ಗಾವಂತಿ ಹೊಲಿಗಿ ಒಳಗ ಹೋಗೂ ಮುಂದ ಒಂದು ಬಿಟ್ಟು ಒಂದು ಹಾಕ್ಕೋತ ಹೋಗಬೇಕು, ತಿರುಗಿ ಬರೂ ಮುಂದ ಬಿಟ್ಟಿದ್ದನ್ನ ತುಂಬಕೋತ ಬರಬೇಕು. ಗಂಟು ಹಾಕಂಗಿಲ್ಲ. ಗಾವಂತಿ, ಮುರಗಿ ಎರಡರಾಗೂ ಅರಿವಿ ಹಿಂದ-ಮುಂದ ಒಂದ ಥರಾ ಕಾಣಬೇಕು. ನೇಗಿ ಅಂದ್ರ ನೇಯ್ದಂಗ ಕಾಣೂದು, ಮೆಂತೆ ಅಂದ್ರ ಗುಣಾಕಾರದ ಗುರುತಿನ ಹೊಲಿಗಿ. ಗೋಪುರ, ತೇರು, ಆನಿ, ನವಿಲು, ತುಳಸಿ ಕಟ್ಟಿ ಎಲ್ಲಾ ಈ ನಾಕರಾಗ ಬರ್ತಾವ. ಒಂದ ಎಳಿ ಎಣಿಕಿ ತಪ್ಪಿದ್ರ ತಿರುಗಿ ಬರೂ ಮುಂದ ದಾರಿ ಕೂಡೂದಿಲ್ಲ, ಬಿಚ್ಚಬೇಕು. ಹಿಂಗ ಎಣಿಸೂ ಮುಂದ ತಲಿಗೆ ಬ್ಯಾರೆ ವಿಚಾರ ಮಾಡ್ಲಿಕ್ಕೆ ಜಾಗಾ ಸಿಗೂದಿಲ್ಲ. ಒಂದು ಗೋಪುರ ಮುಗೀತಂದ್ರ ಮುಗೀತು, ಕಣ್ಣಿಗೆ ಕಾಣ್ತದ. ದಿನಾ ಪೂರ್ತಿ ‘ಏನೂ ಮಾಡ್ಲಿಲ್ಲ ನಾ’ ಅನ್ನೂ ಮನಸ್ಸಿಗೆ ಅದೊಂದು ಸಾಕ್ಷಿ.

ಡಾಕ್ಟ್ರಿಗೂ ಇದು ಹೊಸಾದೇನಲ್ಲ. ಮನಸ್ಸು ಬಂದಮ್ಯಾಲೆ ಮಾಡ್ತೇನಿ ಅಂತ ಕಾಯೂದು ಬ್ಯಾಡ, ಸಣ್ಣ ಕೆಲಸ ಹೊತ್ತು ಹಚ್ಚಿ ಮಾಡಿದ್ರ ಮನಸ್ಸು ಹಿಂದಿಂದ ಬರ್ತದ ಅನ್ನೂದು ಖಿನ್ನತೆಗೆ ಒಂದು ಒಪ್ಪಿತ ಚಿಕಿತ್ಸಾನ ಅದ. ನಿಮ್ಹಾನ್ಸ್ ದ ಪುನರ್ವಸತಿ ವಿಭಾಗದಾಗ ಹೊಲಿಗಿ, ನೇಕಾರಿಕಿ, ಬೇಕರಿ ಕೆಲಸ ಕಲಸ್ತಾರ. ಆದ್ರ ಅಲ್ಲೆ ಗುಳಗಿ ಬಿಡಿಸಿ ಸೂಜಿ ಕೊಡೂದಿಲ್ಲ, ಇದನ್ನ ಮಾತ್ರ ನೆನಪಿಡಬೇಕು. ನಮ್ಮ ಮನಿಗಳೊಳಗ ಏನಾಗ್ತದ ಅಂದ್ರ, ಆಕಿ ನಾಕು ದಿನಾ ನಕ್ಕೋತ ಕಸೂತಿ ಹಾಕಿದ್ಲು ಅಂದ್ರ, “ಈಗ ಮನಸ್ಸು ಅದರಾಗ ಹಚ್ಚೀಯಲ್ಲ, ಇನ್ನ ಆ ಗುಳಗಿ ಯಾಕ ನುಂಗ್ತಿ?” ಅಂತ ಯಾರರೆ ಒಬ್ರು ಸುರು ಮಾಡ್ತಾರ. ಖಿನ್ನತೆ ಔಷಧ ಹತ್ತಲಿಕ್ಕೇ ಕೆಲವು ವಾರ ಬೇಕು. ಆರಾಮ ಅನಿಸಿದಮ್ಯಾಲೂ ಸಾಮಾನ್ಯವಾಗಿ ಆರು ತಿಂಗಳಾರೆ ಮುಂದುವರಸಬೇಕಾಗ್ತದ. ಬಿಡೂದಾದ್ರೂ ಡಾಕ್ಟ್ರು ಹೇಳಿಧಂಗ ಸಾವಕಾಶ ಕಡಿಮಿ ಮಾಡಕೋತ ಬಿಡಬೇಕು. ಒಮ್ಮೆಲೆ ಬಿಟ್ರ ತಲಿ ತಿರಗ್ತದ, ನಿದ್ದಿ ಕೆಡ್ತದ, ಜಡ್ಡು ತಿರುಗಿ ಬರೂ ಅಂಜಿಕಿ ಬ್ಯಾರೆ. ಕಸೂತಿ ಛಲೋ ಆಗ್ಲಿಕತ್ತದ ಅಂದ್ರ ಗುಳಗಿ ಕೆಲಸ ಮಾಡ್ಲಿಕತ್ತದ ಅಂತನೂ ತಿಳಕೋಬಹುದಲ್ಲಾ!

ಇನ್ನ ರೊಕ್ಕದ ಮಾತು. ದುಡದ ರೊಕ್ಕ ಕೈಗೆ ಬಂದ್ರ ಮನಸ್ಸಿಗೆ ಬಲ ಬರ್ತದ ಅನ್ನೂದು ಖರೇ ಅದ, ಅದನ್ನ ನಾ ಅಲ್ಲಗಳಿಯೂದಿಲ್ಲ. ಎರಡು ವರ್ಷ ಔಷಧಕ್ಕ, ಬಸ್ಸಿಗೆ ಎಲ್ಲಾದಕ್ಕೂ ಇನ್ನೊಬ್ಬರ ಕಡೆ ಕೈ ಚಾಚಿದಾಕಿಗೆ ತನ್ನ ರೊಕ್ಕದಾಗ ಒಂದು ಸ್ಟ್ರಿಪ್ ಗುಳಗಿ ತಗೊಳ್ಳೂದು ಸಣ್ಣ ಮಾತಲ್ಲ. ಆದ್ರ ಲೆಕ್ಕಾ ಹಾಕಿ ನೋಡ್ರಿ. ಜಂಪರಿನ ಎರಡೂ ತೋಳಿಗೆ ಎರಡು ಬಟ್ಟಿನ ಅಂಚು ಹಾಕ್ಲಿಕ್ಕೆ ನನಗ 22 ತಾಸು ಹಿಡೀತದ. ಎಳಿ ಕಾಣದಂಥಾ ರೇಷ್ಮಿ ಆದ್ರ ಮ್ಯಾಲೆ ಜಾಳಿಗಿ ಕ್ಯಾನ್ವಾಸ್ ಹಚ್ಚಿ, ಅದರ ಮ್ಯಾಲೆ ಹೊಲದು, ಆಮ್ಯಾಲೆ ಒಂದೊಂದ ಎಳಿ ಜಗ್ಗಿ ತಗೀಬೇಕು, ಅದು ಇನ್ನೂ ಬ್ಯಾರೆ. ಮೊದಮೊದಲು ಮಂದಿ ನನಗ ಕೇಳ್ತಿದ್ದ ರೇಟು 800 ರೂಪಾಯಿ. ದಾರ, ಕ್ಯಾನ್ವಾಸ್ ಸೇರಿ 90 ಹೋತಂದ್ರ ಉಳಿದದ್ದು 710. ತಾಸಿಗೆ 32 ರೂಪಾಯಿ ಆತು. 2024-25ರಾಗ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕ 349 ರೂಪಾಯಿ ಇತ್ತು. ಎಂಟು ತಾಸಂತ ಹಿಡದ್ರ ತಾಸಿಗೆ 43 ರೂಪಾಯಿ ಮ್ಯಾಲೆ ಬೀಳ್ತದ. ಮಣ್ಣು ಅಗಿಯೂ ಕೆಲಸಕ್ಕ ಇದ್ದಷ್ಟು ಕಿಮ್ಮತ್ತೂ ಈ ಸೂಜಿಗೆ ಇಲ್ಲ ಅಂದಂಗಾತು!

ಇದಕ್ಕ ಕಾರಣನೂ ನಮ್ಮ ಮನ್ಯಾಗ ಅದ. ಕಸೂತಿ ಹಿಂದಕ್ಕ ಮಾರೂ ವಸ್ತು ಆಗಿರ್ಲಿಲ್ಲ. ಮಗಳ ಲಗ್ನಕ್ಕ ಚಂದ್ರಕಾಳಿ ಸೀರಿ, ಇಳಕಲ್ ಸೀರಿ ಸೆರಗು, ಕೂಸಿನ ಕುಲಾಯಿ, ಕುಂಚಿಗಿ ಅಂತ ಪ್ರೀತಿಗೆ ಹಾಕ್ತಿದ್ರು. ಅದಕ್ಕ ಇವತ್ತಿಗೂ ಕಸೂತಿ ಹಾಕಿಸಿಕೊಂಡು ರೇಟು ಕೇಳಿದ್ರ, “ನಮ್ಮವರಿಗೂ ರೊಕ್ಕಾ ಏನ?” ಅಂತ ಕಾಕು, ಮಾವ್ಸಿ ಎಲ್ಲಾ ಮಾರಿ ಸಣ್ಣ ಮಾಡ್ತಾರ. ಅದ ಮಾವ್ಸಿ ಟೇಲರ್ ಗೆ ತಕರಾರಿಲ್ಲದ ರೊಕ್ಕ ಎಣಿಸಿ ಬರ್ತಾಳ. ಕಸೂತಿಗೆ 2006ರಾಗ ಜಿಐ ಗುರುತು ಸಿಕ್ಕದ, ಅಭಿಮಾನದ ಮಾತು. ಆದ್ರ ಆ ಗುರುತು ಹೊಲದಾಕಿ ತಾಸಿನ ಲೆಕ್ಕ ಇಡೂದಿಲ್ಲ, ಅದನ್ನ ಆಕಿನ ಇಡಬೇಕು. ಖಿನ್ನತೆ ಇದ್ದಾಕಿಗಂತೂ ಮೊದಲ ‘ನನಗೇನು ಕಿಮ್ಮತ್ತದ’ ಅನ್ನೂ ಮನಸ್ಸು. ಆಕಿ ಕಡೆ ನೀವು ಚೌಕಾಶಿ ಮಾಡಿದ್ರ ಆಕಿ ಅರ್ಧಾಕ್ಕ ಇಳೀತಾಳ, ಮತ್ತ ಮ್ಯಾಲೆ ಥ್ಯಾಂಕ್ಸ್ ಹೇಳ್ತಾಳ. ಅದನ್ನ ವ್ಯಾಪಾರ ಅನ್ನಬ್ಯಾಡ್ರಿ.

ಕೂಲಿಗಿಂತ ದೊಡ್ಡ ತ್ರಾಸು ತಾರೀಖಿಂದು. ನಮ್ಮ ಆರ್ಡರ್ ಎಲ್ಲಾ ಲಗ್ನದ ಸೀಸನ್ ಗೆ ಬರ್ತಾವ, ಎಲ್ಲಾರಿಗೂ ಅಕ್ಷತಾದ ಮುಂಚೆ ಬೇಕು. ಹಗಲೆಲ್ಲಾ ಅಡಗಿ, ಮಕ್ಕಳು, ಬಂದು-ಹೋಗೂವ್ರು. ಉಳಿಯೂದು ರಾತ್ರಿ. ಈ ಜಡ್ಡಿನವರಿಗೆ ನಿದ್ದಿ ಕೆಡೂದು ಅಂದ್ರ ಎಲ್ಲಾ ಕೆಡಲಿಕ್ಕೆ ಬಾಗಲಾ ತಗದಂಗ. ನಮ್ಮ ಅತ್ತಿಯವರ ತಂಗಿ ಹೋದ ವರ್ಷ ಮೂರು ವಾರದಾಗ ಐದು ಜಂಪರ್ ಕೇಳಿದ್ರು. ನಾ ಅಂದೆ, “ಮಾವ್ಸಿ, ಒಂದು ಆಗ್ತದ. ಐದು ಆಗಂಗಿಲ್ರಿ.” ಅವರು ಸಿಟ್ಟಾದ್ರು, ಒಂದೂ ಕೊಡ್ಲಿಲ್ಲ, ಲಗ್ನದಾಗ ನನ್ನ ಕೂಡ ನೆಟ್ಟಗ ಮಾತೂ ಆಡ್ಲಿಲ್ಲ. ಇವತ್ತಿಗೂ ಹಂಗ ಅದ. ‘ಆಗಂಗಿಲ್ಲ’ ಅನ್ನೂದು ಪುಕ್ಕಟೆ ಬರೂದಿಲ್ಲ ಅಂತ ಗೊತ್ತಿರ್ಲಿ. ಆದ್ರ ಆ ಮೂರು ವಾರ ನಾ ರಾತ್ರಿ ಹತ್ತಕ್ಕ ಮಲಗಿದೆ, ಆ ಲೆಕ್ಕದಾಗ ನನಗ ನಷ್ಟ ಆಗ್ಲಿಲ್ಲ.

ಇದನ್ನೆಲ್ಲಾ ಕೇಳಿ ಕೆಲವರು, “ಹಂಗಾರ ಮಾರೂದ ಬ್ಯಾಡ, ಹವ್ಯಾಸ ಹವ್ಯಾಸಾಗೇ ಇರ್ಲಿ, ರೊಕ್ಕಾ ಬಂದ್ರ ಖುಷಿ ಹೋಗ್ತದ” ಅಂತಾರ. ಕೇಳ್ಲಿಕ್ಕೆ ಛಲೋ ಅನಸ್ತದ. ಆದ್ರ ಇದು ತಿಂಗಳಾ ಒಂದನೇ ತಾರೀಖಿಗೆ ಪಗಾರ ಬರೂ ಮನಿಯವ್ರ ಮಾತು. ಜಡ್ಡಿನಾಗ ನೌಕರಿ ಬಿಟ್ಟಾಕಿಗೆ, ಗಂಡನ ದುಡ್ಡು ಸಾಲದಾಕಿಗೆ, ಗಂಡನ ಇಲ್ಲದಾಕಿಗೆ ಈ ಮಾತು ಉಪಯೋಗ ಇಲ್ಲ. ಒಂಬತ್ತು ತಾಸು ಹೊರಗ ಕೂತು ಕೆಲಸ ಮಾಡೂ ತಾಕತ್ತು ಇನ್ನೂ ಬಂದಿರೂದಿಲ್ಲ, ಮನ್ಯಾಗ ಕೂತು ದಿನಾ ಮೂರು ತಾಸು ಮಾಡೂ ತಾಕತ್ತು ಬಂದಿರ್ತದ. ಅಂಥಾಕಿಗೆ ಕೈಕೆಲಸ ಛಲೋ ದಾರಿನ. ದಾರಿ ಸುರಕ್ಷಿತ ಮಾಡಬೇಕು, ಮುಚ್ಚಬಾರದು.

ಹೆಂಗ ಮಾಡಬೇಕು ಅಂದ್ರ, ನನಗ ಉಪಯೋಗ ಆದದ್ದನ್ನ ಹೇಳ್ತೇನಿ. ಒಂದು ನೋಟ್ ಬುಕ್ ಇಟ್ಟು ಯಾವ ತುಂಡಿಗೆ ಎಷ್ಟು ತಾಸು ಅಂತ ಬರದಿಡ್ರಿ, ರೇಟು ಅದರ ಮ್ಯಾಲಿಂದ ಹೇಳ್ರಿ. ಹತ್ತು ದಿನದಾಗ ಆಗೂ ಕೆಲಸಕ್ಕ ಇಪ್ಪತ್ತು ದಿನಾ ಅಂತ ಹೇಳ್ರಿ, ಯಾಕಂದ್ರ ಈ ಜಡ್ಡಿನಾಗ ಕೆಟ್ಟ ದಿನಾ ಹೇಳಿ ಬರೂದಿಲ್ಲ. ಅರ್ಧಾ ರೊಕ್ಕ ಮೊದಲ ಇಸಗೋರಿ. ಒಂದ ಜಾಗಾದಾಗ ಮೂರು ಸಲ ಬಿಚ್ಚಿದ್ರಿ ಅಂದ್ರ ಅವತ್ತು ಗಾವಂತಿ ಕಟ್ಟಿಡ್ರಿ, ಆಗಲೇ ಹಾಕಿದ ಗೆರಿಯೊಳಗ ಮೆಂತೆ ತುಂಬ್ರಿ, ಇಲ್ಲಾ ಬರೇ ದಾರ ಸುತ್ತಿಡ್ರಿ. ಹಂಗ ನಾಕೈದು ದಿನಾ ಸಾಲಾಗಿ ಆದ್ರ, ನಿದ್ದಿನೂ ಹಾರಿದ್ರ, ಡಾಕ್ಟ್ರ ಕಡೆ ಹೋಗ್ರಿ, ಮುಂದಿನ ಅಪಾಯಿಂಟ್ ಮೆಂಟ್ ತನಕಾ ಕಾಯಬ್ಯಾಡ್ರಿ. ಸಾಧ್ಯ ಆದ್ರ ಒಬ್ಬಾಕಿನ ಇರಬ್ಯಾಡ್ರಿ. ಓಣ್ಯಾಗ ಸ್ತ್ರೀಶಕ್ತಿ ಸಂಘ ಇದ್ರ, ಕಸೂತಿ ಬರೂ ಇನ್ನಿಬ್ಬರು ಇದ್ರ ಅವರ ಕೂಡ ಸೇರ್ರಿ. ಕೌದಿ ಹೊಲಿಯೂ ಮುಂದ ನಾಕು ಮಂದಿ ನಾಕು ಮೂಲಿಗೆ ಕೂಡ್ತಿದ್ರಲ್ಲಾ, ಹಂಗ. ಒಬ್ಬಾಕಿ ಎದ್ದು ಹೋದ್ರೂ ಕೌದಿ ನಿಲ್ಲಬಾರದು. ಮತ್ತ ಒಂದು ತುಂಡು ಅರಿವಿ ನಿಮ್ಮ ಸಲುವಾಗಿ ಇಟಗೋರಿ. ಅದಕ್ಕ ತಾರೀಖಿಲ್ಲ, ರೇಟಿಲ್ಲ, ಮುಗೀಬೇಕಂತನೂ ಇಲ್ಲ.

ಮನಿಮಂದಿಗೆ ಮೂರ ಮಾತು. ಆಕಿ ಹೊಲೀಲಿಕ್ಕೆ ಕೂತ ಮೂರು ತಾಸು ಆಕಿ ಆಫೀಸಿನಾಗ ಇದ್ದಾಳ ಅಂತ ತಿಳಕೋರಿ, ಚಹಾ ನೀವ ಕಾಸ್ಕೋರಿ. ಬಂದ ರೊಕ್ಕ ಆಕಿ ಖಾತೆದಾಗ ಇರ್ಲಿ. ಗುಳಗಿ ಬಿಡು ಅನ್ನಬ್ಯಾಡ್ರಿ, “ತಗೊಂಡ್ಯಾ?” ಅಂತನೂ ಹತ್ತು ಸಲ ಕೇಳಬ್ಯಾಡ್ರಿ, ಒಮ್ಮೆ ಸಾಕು. ಮನಸ್ಸಿಗೆ ಭಾಳ ತ್ರಾಸಾದಾಗ, ಸಾಯೂ ವಿಚಾರ ಬಂದಾಗ ಟೆಲಿ-ಮಾನಸ್ ಅಂತ ಸರ್ಕಾರದ ಪುಕ್ಕಟೆ ಸಹಾಯವಾಣಿ ಅದ, ನಂಬರು 14416. ಹಗಲು-ರಾತ್ರಿ ಕನ್ನಡದಾಗ ಮಾತಾಡ್ತಾರ. ಫ್ರಿಜ್ ಮ್ಯಾಲೆ ಹಾಲಿನವನ ನಂಬರ್ ಬಾಜೂಕ ಬರದಿಡ್ರಿ, ಯಾರ ಮನ್ಯಾಗ ಆದ್ರೂ ಆತು.

ಇನ್ನ ಕೊಳ್ಳೂವ್ರಿಗೆ. ಮುಂದಿನ ಸಲ ಯಾರಿಗರೆ ಕಸೂತಿ ಹಾಕ್ಲಿಕ್ಕೆ ಸೀರಿ ಕೊಡೂ ಮುಂದ “ಯಾವಾಗ ಕೊಡ್ತೀರಿ?” ಅಂತ ಕೇಳೂದಕ್ಕಿಂತ “ನಿಮಗೆಷ್ಟು ದಿನಾ ಬೇಕ್ರಿ?” ಅಂತ ಕೇಳ್ರಿ. ಆಕಿ ಹೇಳಿದ ದಿನಾ ಒಪ್ಪಿಗಿ ಆಗದಿದ್ರ ಬ್ಯಾರೆ ಕಡೆ ಕೊಡ್ರಿ, ಸಿಟ್ಟು ಮಾಡಬ್ಯಾಡ್ರಿ. ಒಪ್ಪಿಗಿ ಆದ್ರ ಅರ್ಧಾ ರೊಕ್ಕ ಅಲ್ಲೇ ಕೊಟ್ಟು ಬರ್ರಿ.