ಪೆಟ್ಟಿಗೆಗೊಂದು ದಿಗಂತ
ಈ ವಾರ ನಮ್ಮ ರಸ್ತೆಯ ತಿರುವಿನಲ್ಲಿ ಎದ್ದ ಅಪಾರ್ಟ್‌ಮೆಂಟ್ ಜಾಹೀರಾತಿನಲ್ಲಿ ಕಟ್ಟಡದ ಗೆರೆಗಳು ಒಂದು ಕಡೆಗೆ ಕೂಡಿದರೆ, ಕಾಂಪೌಂಡಿನವು ಇನ್ನೆಲ್ಲಿಗೋ ಓಡುತ್ತಿದ್ದವು. ಬೈಗುಳ ಚಿತ್ರ ಬರೆದವರಿಗೆ ಬೀಳುತ್ತದೆ. ನನಗೆ ಅನುಮಾನ ಅವರ ಕೈಯಲ್ಲಿದ್ದ ಉಪಕರಣದ ಮೇಲೆ. ವೆಕ್ಟರ್ ತಂತ್ರಾಂಶ ಬಲ್ಲದ್ದು ಎಡ-ಬಲ, ಮೇಲೆ-ಕೆಳಗೆ ಮಾತ್ರ, ಆಳವನ್ನು ನಟಿಸಬೇಕು. ಇಲ್ಲಸ್ಟ್ರೇಟರ್ ಎಂಬ ಅಂಥ ತಂತ್ರಾಂಶ 2010ರಲ್ಲಿ ತಂದ, ಆಳ ತೋರಿಸುವ ಪರ್ಸ್‌ಪೆಕ್ಟಿವ್ ಗ್ರಿಡ್ಡಿನದು ಚುಕ್ಕಿ ರಂಗೋಲಿಯ ಶಿಸ್ತು: ಮೊದಲು ಚುಕ್ಕಿ, ಆಮೇಲೆ ಎಳೆ. 1435ರಲ್ಲೇ ಇಟಲಿಯ ಕಲಾಚಿಂತಕ ಆಲ್ಬರ್ಟಿ ಮೊದಲು ನೆಲಹಾಸಿನ ಚೌಕಗಳನ್ನು ಎಳೆಯಿರಿ ಎಂದಿದ್ದ, ಹಾಗಾಗಿ ವಂಶಾವಳಿ ದೊಡ್ಡದೇ. ಆದರೆ 2008ರ 0.46 ಆವೃತ್ತಿಯಲ್ಲಿ ಉಚಿತ ತಂತ್ರಾಂಶ ಇಂಕ್‌ಸ್ಕೇಪ್ ಉಲ್ಟಾ ದಾರಿ ಹಿಡಿದಿತ್ತು: ಮೌಸ್ ಎಳೆದು ಪೆಟ್ಟಿಗೆ ಬರೆಯಿರಿ, ಗೆರೆಗಳು ಕೂಡುವ ಬಿಂದುಗಳು ಅದರ ಜೊತೆಗೇ ಬರುತ್ತವೆ. ಒಳಗಿರುವುದು ಆರು ಚಪ್ಪಟೆ ಚತುರ್ಭುಜ, ಅಷ್ಟೆ. ಜಾಣತನ ಇರುವುದು ಹಂಚಿಕೆಯಲ್ಲಿ. ಬಿಂದುವನ್ನು ಸರಿಸಿದರೆ ಅದಕ್ಕೆ ಸೇರಿದ ಪೆಟ್ಟಿಗೆಗಳೆಲ್ಲ ಒಟ್ಟಿಗೆ ಓರೆಯಾಗುತ್ತವೆ. ಶಿಫ್ಟ್ ಒತ್ತಿ ಸರಿಸಿದರೆ ಆಯ್ದ ಪೆಟ್ಟಿಗೆ ಮಾತ್ರ ಬೇರೆ ದಾರಿ ಹಿಡಿಯುತ್ತದೆ. ಅಂದರೆ ಒಗ್ಗಟ್ಟು ತಾನಾಗಿ ಬರುತ್ತದೆ, ಒಡೆಯಬೇಕಾದರೆ ಬೆರಳು ದುಡಿಯಬೇಕು. ಆ ಕಾಂಪೌಂಡಿಗೆ ಬೇಕಿದ್ದದ್ದು ಇಷ್ಟೇ. ಬೇಕೆಂದರೆ ಬಿಂದುವನ್ನು ಅನಂತಕ್ಕೆ ಅಟ್ಟಿ, ಎಂಜಿನಿಯರುಗಳಿಗೆ ಪ್ರಿಯವಾದ ಸಮಾನಾಂತರ ಗೆರೆಗಳನ್ನೂ ಪಡೆಯಬಹುದು. ಕೊರತೆಯೂ ಇದೆ: ಪೆಟ್ಟಿಗೆಯ ಆಚೆಗೆ ಈ ಉಪಕರಣಕ್ಕೆ ಲೋಕವಿಲ್ಲ. ಅದರ ಗೋಡೆಗೆ ದುಂಡನೆಯ ಕಿಟಕಿ ಇಡಲು ಹೊರಟವರಿಗೆ ಇದು ನೆರವಾಗದು.