ಬೆಳ್ಳಗಿರುವುದೆಲ್ಲ ಹಾಲಲ್ಲ

ಅಡಿಗೆಮನೆಯಲ್ಲಿ ಬಿಳಿಯ ಪುಡಿಗಳಿಗೆ ಕೊರತೆಯಿಲ್ಲ. ಉಪ್ಪು, ಸಕ್ಕರೆಪುಡಿ, ಅಡಿಗೆ ಸೋಡ, ಅಕ್ಕಿಹಿಟ್ಟು. ಇವುಗಳೊಡನೆ ಶಾಲೆಯ ಸೀಮೆಸುಣ್ಣವನ್ನೂ ಅರೆದು, ಹೆಸರು ಮರೆಮಾಡಿ ಐದು ಬಟ್ಟಲುಗಳಲ್ಲಿಟ್ಟು 'ಯಾವುದು ಯಾವುದು?' ಎಂದು ಕೇಳಿದರೆ ಕಣ್ಣು ಸೋಲುತ್ತದೆ. ನಾಲಗೆಗೆ ಇಲ್ಲಿ ಪ್ರವೇಶವಿಲ್ಲ. ಗುರುತಿಲ್ಲದ ಪುಡಿಯ ರುಚಿ ನೋಡುವುದು ವಿಜ್ಞಾನವಲ್ಲ, ಅವಿವೇಕ. ಉಳಿಯುವ ದಾರಿ ಪರೀಕ್ಷೆಯೊಂದೇ.

ಈ ಪರೀಕ್ಷೆಗೆ ಬೇಕಾದ ಸಲಕರಣೆಗಳು ಅತಿ ಸರಳ. ನೀರಿನಲ್ಲಿ ಉಪ್ಪು, ಸಕ್ಕರೆ, ಸೋಡಗಳು ಕರಗುತ್ತವೆ. ಹಿಟ್ಟು, ಸೀಮೆಸುಣ್ಣಗಳು ಕರಗದೆ ತಳಕ್ಕೆ ಇಳಿಯುತ್ತವೆ. ವಿನೆಗರ್ ಹನಿಸಿದರೆ ಸೋಡ ಬುಸುಗುಟ್ಟಿ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತದೆ. ಅಯೊಡಿನ್ ದ್ರಾವಣ ತಗುಲಿದರೆ ಹಿಟ್ಟಿನಲ್ಲಿರುವ ಪಿಷ್ಟ ಕಡುನೀಲಿಯಾಗುತ್ತದೆ. ಈ ಬಣ್ಣವನ್ನು ರಸಾಯನಶಾಸ್ತ್ರಜ್ಞರು 1814ರಷ್ಟು ಹಿಂದೆಯೇ ಗುರುತಿಸಿದ್ದರು. ಚಮಚೆಯಲ್ಲಿಟ್ಟು ಕಾಯಿಸಿದರೆ ಸಕ್ಕರೆ ಕರಗಿ, ಕಂದಾಗಿ, ಕೊನೆಗೆ ಕರಿಕಾಗುತ್ತದೆ. ಉಪ್ಪು ಉಪ್ಪಾಗಿಯೇ ಉಳಿಯುತ್ತದೆ. ಇನ್ನು ಸೀಮೆಸುಣ್ಣ? ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಆದುದರಿಂದ ಅದೂ ವಿನೆಗರಿನಲ್ಲಿ ನೊರೆಗರೆಯಬೇಕು ಎನ್ನುತ್ತದೆ ಪುಸ್ತಕ.

ಕೆಲವು ವರ್ಷಗಳ ಹಿಂದೆ ಪ್ರೌಢಶಾಲೆಯ ಮಕ್ಕಳಿಗೆ ನಾವು ಈ ಪ್ರಯೋಗವನ್ನು ಮಾಡಿಸಿದೆವು. ಎಲ್ಲರೂ ಸೀಮೆಸುಣ್ಣದ ಎದುರಿಗೆ 'ಗುಳ್ಳೆಗಳು ಬಂದವು' ಎಂದು ಬರೆದರು. ಒಬ್ಬ ಹುಡುಗಿ ಮಾತ್ರ 'ಏನೂ ಆಗಲಿಲ್ಲ' ಎಂದು ಬರೆದಿದ್ದಳು. ನಾವು ಅದಕ್ಕೆ ಕೆಂಪು ಗೆರೆ ಎಳೆದೆವು. 'ಸಾರ್, ಮೂರು ಸಲ ನೋಡಿದೆ, ನಿಜವಾಗಿಯೂ ಬರಲಿಲ್ಲ' ಎಂದು ಆಕೆ ನಿಂತಲ್ಲೇ ನಿಂತಳು. ಒಲ್ಲದ ಮನಸ್ಸಿನಿಂದ ನಾವೇ ಹನಿಸಿ ನೋಡಿದೆವು: ಗುಳ್ಳೆ ಬರಲಿಲ್ಲ. ವಿನೆಗರ್ ಕೆಟ್ಟಿರಬಹುದೆಂದು ಮೊಟ್ಟೆಯ ಚಿಪ್ಪಿನ ಪುಡಿಯ ಮೇಲೆ ಹನಿಸಿದೆವು. ಅದು ಚೆನ್ನಾಗಿ ನೊರೆಗರೆಯಿತು. ವಿನೆಗರಿನಲ್ಲಿ ದೋಷವಿರಲಿಲ್ಲ. ವಿಚಾರಿಸಲಾಗಿ, ಆ ಕಡ್ಡಿಗಳನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಎರಕ ಹೊಯ್ದಿದ್ದರೆಂದು ತಿಳಿಯಿತು. ಅದು ಗಟ್ಟಿಯಾದಾಗ ದೊರೆಯುವುದು ಜಿಪ್ಸಂ, ಎಂದರೆ ಕ್ಯಾಲ್ಸಿಯಂ ಸಲ್ಫೇಟ್. ವಿನೆಗರಿಗೆ ಅದು ಗುಳ್ಳೆಯೇಳುವುದಿಲ್ಲ. ಹೆಸರು ಸೀಮೆಸುಣ್ಣವಾದರೂ ಅದರಲ್ಲಿ ಸುಣ್ಣದ ಕಲ್ಲು ಇರಲಿಲ್ಲ!

ಇಷ್ಟೊಂದು ಮಕ್ಕಳು ಬಾರದ ಗುಳ್ಳೆಯನ್ನು ಕಂಡುದಾದರೂ ಹೇಗೆ? ಅವರು ಸುಳ್ಳುಗಾರರಲ್ಲ. ಉತ್ತರ ಮೊದಲೇ ತಿಳಿದಿದ್ದರೆ ಕಣ್ಣು ನೋಡುವುದನ್ನು ನಿಲ್ಲಿಸುತ್ತದೆ. ಈ ತಪ್ಪಿನ ಹೊಣೆ ಹೆಚ್ಚಾಗಿ ನಮ್ಮಂಥ ಅಧ್ಯಾಪಕರದು. ದಾಖಲೆ ಪುಸ್ತಕದಲ್ಲಿ 'ಸರಿಯಾದ' ಫಲಿತಾಂಶಕ್ಕೆ ಅಂಕ ಕೊಟ್ಟು, ಕಂಡದ್ದನ್ನು ಕಂಡಂತೆ ಬರೆದವರ ಅಂಕ ಕಳೆಯುವವರೆಗೂ ಪ್ರಯೋಗಶಾಲೆ ನಕಲುಶಾಲೆಯಾಗಿಯೇ ಇರುತ್ತದೆ. ಆ ದಿನ ನಾವು ಕೆಂಪು ಗೆರೆಯನ್ನು ಅಳಿಸಿದೆವು. ತರಗತಿಯ ಮುಂದೆ ತಪ್ಪನ್ನೂ ಒಪ್ಪಿಕೊಂಡೆವು.

ಪಾಠಗಳು ಬಹಳ, ವೇಳೆ ಕಡಮೆ. ಗೊತ್ತಿಲ್ಲದ ಪುಡಿಗಳನ್ನು ಕೊಟ್ಟು ಕುಳಿತರೆ ಪರೀಕ್ಷೆಗೆ ಸಿದ್ಧರಾಗುವುದೆಂತು ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪಣೆ ನಿರಾಧಾರವಲ್ಲ. ಆದರೆ ವರ್ಷಕ್ಕೆ ಎರಡು ಪ್ರಯೋಗಗಳನ್ನಾದರೂ ಉತ್ತರ ಹೇಳದೆ ಮಾಡಿಸುವುದು ಅಸಾಧ್ಯವೇನಲ್ಲ. ಉಳಿದ ಹತ್ತನ್ನು ವಿದ್ಯಾರ್ಥಿಯು ಮರೆತರೂ ಈ ಎರಡನ್ನು ಮರೆಯುವುದಿಲ್ಲ.

ವಿದ್ಯಾರ್ಥಿಮಿತ್ರರೇ, ಹಿರಿಯರ ಸಮ್ಮುಖದಲ್ಲಿ ನೀವೂ ಈ ಪ್ರಯೋಗವನ್ನು ಮಾಡಿ ನೋಡಿ. ಅಂಗಡಿಯಿಂದ ತಂದ ಸಕ್ಕರೆಪುಡಿ ಅಯೊಡಿನ್‌ಗೆ ನೀಲಿಯಾದರೆ ಗಾಬರಿಪಡಬೇಡಿ, ಅದನ್ನು ಮುಚ್ಚಿಡಲೂ ಬೇಡಿ. ಉಂಡೆಗಟ್ಟದಿರಲೆಂದು ಅದಕ್ಕೆ ಪಿಷ್ಟವನ್ನು ಬೆರೆಸುವುದುಂಟು. ಪುಸ್ತಕ ಹೇಳಿದ್ದಕ್ಕೂ ಬಟ್ಟಲು ತೋರಿಸಿದ್ದಕ್ಕೂ ಹೊಂದಿಕೆಯಾಗದಾಗ ಮೊದಲು ಮತ್ತೊಮ್ಮೆ ಮಾಡಿ, ಆಮೇಲೆ ಕಾರಣವನ್ನು ಹುಡುಕಿ; ಆದರೆ ಕಂಡದ್ದನ್ನು ಮಾತ್ರ ತಿದ್ದಬೇಡಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ನಮ್ಮ ಹಿರಿಯರು. ಕಾಣದೆಯೇ ಬರೆಯುವವರಿಗೆ ಅವರು ಏನೆನ್ನುತ್ತಿದ್ದರೋ!